ಬಿಳಿಚಿದ ಕಾಗದ

ನಿತ್ಯಾನಂದ ಟಾರ್ಪಾಲಿನ ಹಗ್ಗ ಜಗ್ಗಿ ತೆಂಗಿನ ಮರಕ್ಕೆ ಬಿಗಿಯುತ್ತಿದ್ದ. ದೇರೆಬೈಲಿನ ಆ ಅಂಗಳ ಜನರಿಂದ ತುಂಬುವುದರೊಳಗೆ ನೆರಳಾಗಬೇಕಿತ್ತು. ಚಾವಡಿಯಲ್ಲಿ ಗುರುವಪ್ಪನ ಹೆಣವನ್ನು ಮೀಯಿಸಿ ಮಲಗಿಸಿದ್ದರು.

“ಕೂತ್ಕೊಳ್ಳಿ ಮಾರಾಯ್ರೆ, ಬೆಳಿಗ್ಗೆಯಿಂದ ಒಂದು ಗುಟುಕು ಚಾ ಕುಡಿದಿಲ್ಲ ನೀವು,” ಎಂದ ಗುರುವಪ್ಪನ ತಮ್ಮ ಮುದ್ದು. ಬಂದವರ ಕಡೆ ತಿರುಗಿ, “ಅಣ್ಣನಿಗೆ ಕಣ್ಣು ಹೋದ ಮೇಲೆ ಒಂದು ಭಾನುವಾರ ತಪ್ಪಿಸಿದವರಲ್ಲ ಇವರು. ಪೇಪರ್ ಓದಿ ಹೇಳುವುದು, ಗಡ್ಡ ತೆಗೆಯುವುದು, ಎಲ್ಲ ಇವರೇ. ತಮ್ಮ ಅಂತ ನಾನು ಹೆಸರಿಗೆ ಉಂಟು, ಅಷ್ಟೆ.”

“ಕಣ್ಣು ಹೋದದ್ದು ಗುರುವಪ್ಪಣ್ಣನ ಅಜಾಗ್ರತೆಯಿಂದಲೇ ಅಂತೆ ಅಲ್ವಾ?” ಯಾರೋ ಕೇಳಿದರು.

“ಹೌದು, ಐಸ್ ಪ್ಲಾಂಟಿನವರು ಹಾಗೆಯೇ ಹೇಳಿದ್ದು,” ಎಂದ ಮುದ್ದು.

ನಿತ್ಯಾನಂದನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಈ ಅಪವಾದ ಹೊರಿಸಿಯೇ ಹೆಣ ಎತ್ತಲು ಬಿಟ್ಟರೆ ತನ್ನಂಥ ಪಾಪಿ ಇನ್ನೊಬ್ಬನಿಲ್ಲ. ಇವತ್ತು ಹೇಳಿಯೇ ಬಿಡಬೇಕು, ಗುರುವಪ್ಪನ ಹೆಂಡತಿ ಹೇಮಾಕ್ಷಿಗಾದರೂ.

*

೧೯೭೭ರಲ್ಲಿ ನಿತ್ಯಾನಂದನಿಗೆ ಕೊಟ್ಟಾರದಲ್ಲಿ ಕಟ್ಟಡದ ನಕ್ಷೆಗಳ ಪ್ರಿಂಟ್ ತೆಗೆಯುವ ಅಂಗಡಿಯಿತ್ತು. ಅಲ್ಲಿಯ ಹಳದಿ ಕಾಗದ ಬಲು ನಾಜೂಕಿನದು. ಅಮೋನಿಯಾ ತಾಗಿದರೆ ನೀಲಿಯಾಗುತ್ತದೆ. ಅದಕ್ಕೂ ಮೊದಲೇ ಬಿಸಿಲು ಕಂಡರೆ ಬಿಳಿಚಿ, ಆಮೇಲೆ ಎಷ್ಟು ಅಮೋನಿಯಾ ಕುಡಿಸಿದರೂ ಜಪ್ಪಯ್ಯ ಅನ್ನುವುದಿಲ್ಲ. ಗೆಳೆಯ ಗುರುವಪ್ಪ ಬಂದರಿನ ಐಸ್ ಪ್ಲಾಂಟಿನಲ್ಲಿದ್ದ. ನೀರು ಹೆಪ್ಪುಗಟ್ಟಿಸಲು ಅಲ್ಲಿ ಬಳಸುವ ಅಮೋನಿಯಾದ ನಡುವೆಯೇ ದುಡಿದು ಅವನ ಮೂಗು ವಾಸನೆ ಮರೆತಿತ್ತು. ಹಾಗಾಗಿ ಈ ಕಾಗದದ ಚೂರು ಒಯ್ದು, ಪ್ಲಾಂಟಿನ ಕತ್ತಲೆಯಲ್ಲಿ ಪೈಪಿನ ಸಂದುಗಳಿಗೆ ಕಟ್ಟುತ್ತಿದ್ದ. ಎಲ್ಲಿ ನೀಲಿಯಾಯಿತೋ ಅಲ್ಲಿ ಸೋರಿಕೆ.

ಆ ದಿನ ಅಂಗಡಿಯಲ್ಲಿ ರಶ್ಶು. ಗುರುವಪ್ಪ ಬಾಗಿಲಲ್ಲಿ ನಿಂತು ಕೇಳಿದಾಗ ಹೊಸ ರೋಲ್ ಬಿಚ್ಚಲು ನಿತ್ಯಾನಂದನಿಗೆ ಉದಾಸೀನ. ಕಿಟಕಿಯ ಬಳಿ ಬಿಸಿಲಿಗೆ ಬಿಳಿಚಿದ ತುಂಡೊಂದು ಬಿದ್ದಿತ್ತು. ಅದನ್ನೇ ಸುತ್ತಿ ಕೊಟ್ಟ. ನಾಲ್ಕು ದಿನ ಬಿಟ್ಟು ಒಳ್ಳೆಯದು ಕೊಟ್ಟರಾಯಿತು, ಅಷ್ಟರಲ್ಲಿ ಎಂತ ಆಗ್ತದೆ ಅಂದುಕೊಂಡ.

ಸೋರುವ ಸಂದಿನಲ್ಲೂ ಆ ಕಾಗದ ಬಿಳಿಯಾಗಿಯೇ ಉಳಿಯಿತು. ಗುರುವಪ್ಪ ಅದನ್ನು ನಂಬಿ ಸ್ಪ್ಯಾನರ್ ಹಿಡಿದು ಬಗ್ಗಿದ. ಪೈಪು ಮುಖಕ್ಕೇ ಉಗುಳಿತು.

*

“ಹೇಮಕ್ಕ, ಆ ಕಾಗದ...” ಹಿತ್ತಿಲಲ್ಲಿ ಮುಖ ತೊಳೆಯುತ್ತಿದ್ದ ಹೇಮಾಕ್ಷಿಯ ಹತ್ತಿರ ನಿಂತು ನಿತ್ಯಾನಂದ ತಡವರಿಸಿದ. “ಅದು ಹಾಳಾದದ್ದು. ಗೊತ್ತಿದ್ದೇ ಕೊಟ್ಟೆ ನಾನು.”

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು.

“ಅವರಿಗೆ ಗೊತ್ತಿತ್ತು. ಕಟ್ಟು ಬಿಚ್ಚುವಾಗಲೇ ಬಿಳಿ ಕಂಡಿತಂತೆ. ನಿತ್ಯಾನಂದ ಕೊಟ್ಟದ್ದಲ್ವಾ, ಹೊಸ ನಮೂನೆಯದ್ದಾಗಿರಬೇಕು ಅಂತ ಕಟ್ಟಿದರಂತೆ. ಆಸ್ಪತ್ರೆಯಲ್ಲೇ ನನ್ನ ಹತ್ರ ಹೇಳಿದ್ದರು.”

“ಮತ್ತೆ ಎಂತಕ್ಕೆ ನನ್ನನ್ನು ಒಂದು ಮಾತು ಕೇಳ್ಲಿಲ್ಲ?”

“ನೀವಾಗಿಯೇ ಹೇಳ್ಬೇಕು ಅಂತ ಇತ್ತು ಅವರಿಗೆ. ಪ್ರತಿ ಭಾನುವಾರ ನೀವು ಹೋದ ಮೇಲೆ ಕೇಳ್ತಿದ್ದರು, ‘ನಿನ್ನ ಹತ್ರ ಏನಾದ್ರೂ ಹೇಳಿದನಾ?’ ಅಂತ. ಇಲ್ಲ ಅಂದ್ರೆ, ‘ಬರುವ ವಾರ ಹೇಳ್ತಾನೆ’ ಅಂತಿದ್ದರು.”

ಚಾವಡಿಯಿಂದ ಮುದ್ದು ಕರೆದ. ಸತ್ತವನ ಬಾಯಿಗೆ ನೀರು ಬಿಡುವ ಹೊತ್ತಾಗಿತ್ತು; ಮನೆಯವರದ್ದು ಮುಗಿದಿತ್ತು. ನಿತ್ಯಾನಂದ ಮೊಣಕಾಲೂರಿ ತುಳಸಿ ಎಲೆಯ ಮೇಲಿಂದ ನೀರು ಬಿಟ್ಟ. ಅದು ಒಳಗಿಳಿಯದೆ ತುಟಿಯಂಚಿನಿಂದ ಕೆನ್ನೆಗೆ ಹರಿಯಿತು. ಮತ್ತೆ ಬಿಟ್ಟ. ಮತ್ತೂ ಬಿಟ್ಟ. ಹಿಂದೆ ಸಾಲು ನಿಂತವರು ಕಾಯುತ್ತಿದ್ದರು. ಮುದ್ದು ಬಗ್ಗಿ ಅವನ ಕೈಯಿಂದ ಲೋಟ ತೆಗೆದುಕೊಳ್ಳಲು ನೋಡಿದ, ನಿತ್ಯಾನಂದ ಬಿಡಲಿಲ್ಲ.