ಎನೋಸ್ ಈಗ ಎಲ್ಲಿ?

ಎನೋಸನನ್ನು ಮಣ್ಣು ಮಾಡಿ ಏಳು ವಾರವಾಗಿತ್ತು. ಅವನು ಪರಲೋಕದಲ್ಲಿದ್ದಾನೆ ಎಂದು ಅವನ ಹೆಂಡತಿ ಸಲೋಮಾಳಿಗೆ ಇದುವರೆಗೆ ಒಬ್ಬರೂ ಹೇಳಿರಲಿಲ್ಲ.

ಹಾಗೆ ಹೇಳುವ ಪದ್ಧತಿಯೇ ಹಳೆಯ ಕಟ್ಟುಪಾಡಿನ ಕ್ರೈಸ್ತರಾದ ಆಮಿಶ್ ಜನರಲ್ಲಿಲ್ಲ. ಯಾರಿಗೆ ರಕ್ಷಣೆ ಸಿಕ್ಕಿ ಪರಲೋಕದ ಬಾಗಿಲು ತೆರೆಯಿತು, ಯಾರಿಗೆ ಇಲ್ಲ ಎಂಬುದು ದೇವರ ತೀರ್ಪು. ನಡುವೆ ಬಾಯಿ ಹಾಕುವುದು ಅಹಂಕಾರ. ಸಾವಿನ ಮನೆಯಲ್ಲಿ ಎರಡು ಗಂಟೆ ಉಪದೇಶ ಮಾಡಿದ ಬಿಷಪ್ಪರು ಎನೋಸನ ಬಗ್ಗೆ ಆಡಿದ್ದು ಒಂದೇ ಮಾತು: "ನಿರೀಕ್ಷೆ ಇಡೋಣ." ಬಂದು ಹೋದವರೆಲ್ಲ ಅದನ್ನೇ ಹೇಳಿದರು. ಸಲೋಮಾಳೂ ಊರವರ ಮನೆಗಳಲ್ಲಿ ಜೀವಮಾನವಿಡೀ ಅದನ್ನೇ ಹೇಳಿಬಂದವಳು. ಅದರಿಂದ ಹೊಟ್ಟೆ ತುಂಬುವುದಿಲ್ಲ ಎಂದು ಈಗ ಗೊತ್ತಾಗಿತ್ತು. ಮನೆಯಲ್ಲಿ ಮಾತಾಡಲು ಗೋಡೆ ಬಿಟ್ಟರೆ ಯಾರೂ ಇರಲಿಲ್ಲ. ಅವನು ಎಲ್ಲಿದ್ದಾನೆಂದಾದರೂ ತಿಳಿದರೆ ತಡೆದುಕೊಳ್ಳಬಹುದಿತ್ತು.

'ಖಂಡಿತ' ಎನ್ನಬಲ್ಲವಳು ಒಬ್ಬಳಿದ್ದಳು, ತಂಗಿ ಫ್ಯಾನಿ. ಮೂವತ್ತು ವರ್ಷದ ಹಿಂದೆ "ನನ್ನ ರಕ್ಷಣೆ ನನಗೆ ಖಚಿತ" ಎಂದು ಎಲ್ಲರೆದುರು ಹೇಳಿ, ಹಾಗೆ ನಂಬುವ ಇನ್ನೊಂದು ಸಭೆ ಸೇರಿ, ಬಹಿಷ್ಕಾರ ಹೊತ್ತವಳು. ಅಪ್ಪ ಸಾಯುವವರೆಗೂ ಅವಳ ಜೊತೆ ಕೂತು ಉಣ್ಣಲಿಲ್ಲ. ಸಲೋಮಾ ಪತ್ರ ಬರೆದು ಅವಳನ್ನು ಕರೆಸಿಕೊಂಡಳು.

ಬಹಿಷ್ಕೃತರೊಂದಿಗೆ ಒಂದೇ ಮೇಜಿನಲ್ಲಿ ಉಣ್ಣುವಂತಿಲ್ಲ. ಸಲೋಮಾ ಎರಡು ಮೇಜುಗಳ ನಡುವೆ ಅಂಗೈ ಅಗಲ ಜಾಗ ಬಿಟ್ಟು, ಮೇಲೆ ಒಂದೇ ಬಟ್ಟೆ ಹಾಸಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಬಟ್ಟೆ ಮಾತ್ರ ಒಂದೇ ಅಲ್ವೇನಕ್ಕ," ಎಂದು ಫ್ಯಾನಿ ನಕ್ಕಳು.

"ಕೂತ್ಕೊಳೇ ಸುಮ್ನೆ. ಆಲೂಗೆಡ್ಡೆ ತಣ್ಣಗಾಗತ್ತೆ."

ಅರ್ಧ ಊಟವಾಗುವಷ್ಟರಲ್ಲಿ ಸಲೋಮಾಳಿಗೆ ತಡೆಯಲಾಗಲಿಲ್ಲ. "ನಿಮ್ಮೋರು ಎಲ್ಲಾನೂ ಖಂಡಿತ ಅಂತೀರಲ್ಲ, ನಂಗೂ ಒಂದ್ಸಲ ಹೇಳೇ. ನಮ್ಮನೆಯೋರು ಎಲ್ಲಿದಾರೆ?"

ಫ್ಯಾನಿ ತುತ್ತು ನುಂಗಿದಳು. "ಯೇಸು ನನ್ನನ್ನ ರಕ್ಷಿಸಿದಾನೆ ಅಂತ ಭಾವ ಯಾವತ್ತಾದ್ರೂ ಬಾಯಿಬಿಟ್ಟು ಹೇಳಿದ್ರಾ? ಒಂದೇ ಒಂದ್ಸಲ ಸಾಕು."

"ನಲವತ್ತಾರು ವರ್ಷದಲ್ಲಿ ಕಾಫಿ ಬೇಕು ಅಂತಾನೇ ಬಾಯಿಬಿಟ್ಟು ಕೇಳ್ದೋರಲ್ಲ. ಲೋಟ ಮುಂದಕ್ಕೆ ತಳ್ಳೋರು."

"ಹಾಸಿಗೆ ಹಿಡಿದಾಗ?"

"ನನ್ನ ಕೈ ಹಿಡ್ಕೊಂಡಿದ್ರು. ಏನೂ ಹೇಳ್ಲಿಲ್ಲ."

ಫ್ಯಾನಿ ತಲೆ ತಗ್ಗಿಸಿದಳು. ಸಲೋಮಾ ದಡ್ಡಿಯಲ್ಲ. ಖಂಡಿತ ಎನ್ನುವವರಿಗೆ ಪರಲೋಕದಷ್ಟೇ ನರಕವೂ ಖಂಡಿತ. ಬಾಯಿಬಿಟ್ಟು ಹೇಳದವರು ಎಲ್ಲಿ ಹೋಗುತ್ತಾರೆಂದು ಅವರ ಸಭೆಯ ಚಿಕ್ಕ ಮಕ್ಕಳೂ ಹೇಳುತ್ತವೆ. ಬೇಡ, ಹೇಳಬೇಡ ಎಂದು ಕೂಗಬೇಕೆನಿಸಿತು. ಫ್ಯಾನಿ ಚಮಚ ಕೆಳಗಿಟ್ಟಳು. ಬಹಿಷ್ಕಾರದ ಮೊದಲ ಚಳಿಗಾಲದಲ್ಲಿ ಅವಳ ಅಂಗಳಕ್ಕೆ ಒಂದು ಗಾಡಿ ಸೌದೆ ತಂದು ಇಳಿಸಿ, ಮಾತಾಡದೆ ಹಿಂದಿರುಗಿದವನು ಇದೇ ಎನೋಸ್.

"ನಿರೀಕ್ಷೆ ಇಡೋಣ ಕಣಕ್ಕ," ಎಂದಳು ಕೊನೆಗೆ.

ಯಾವ ಮಾತು ಸಾಲದೆಂದು ಹೆತ್ತವರ ಮನೆಯನ್ನೇ ಬಿಟ್ಟುಹೋಗಿದ್ದಳೋ ಅದೇ ಮಾತು. ಭಾವನನ್ನು ನರಕಕ್ಕೆ ಕಳಿಸಲು ಬಾಯಿ ಬಾರದೆ ಆಡಿದ್ದೆಂದು ಸಲೋಮಾಳಿಗೆ ತಿಳಿಯಿತು. ತಂಗಿಯ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು. ಆದರೆ ಇನ್ನು ಕೇಳಲು ಯಾರೂ ಉಳಿದಿರಲಿಲ್ಲ.