ಉಚ್ಚಂಗಮ್ಮನ ಕಡೇ ಚೀಲ

ಚೀಲದ ಬಾಯಿ ಹೊಲಿದಿದ್ದ ದಾರ ಬಿಚ್ಚಲಾಗದೆ ಶಿವಕುಮಾರ್ ಅದನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದ. ಬಿಳಿ ಅಂಗಿ, ಇಸ್ತ್ರಿ ಮಾಡಿದ ಪ್ಯಾಂಟು, ಬಾಯಲ್ಲಿ ಗೋಣಿದಾರ.

"ಎಡಗಡೆ ತುದಿ ಹಿಡಿದು ಎಳಿ ಮಾರಾಯ," ಅಂದರು ಪಕ್ಕದ ಮನೆಯ ಹಿರಿಯಣ್ಣ. "ಬ್ಯಾಂಕಲ್ಲಿ ಕೂತು ಕೂತು ಕೈಯೇ ಹೋಗಿದೆ ನಿಂಗೆ."

ಎಡಗಡೆಯಿಂದ ಎಳೆದ. ದಾರ ಉಗುರಿನ ಸಂದಿಯನ್ನು ಕೊಯ್ದುಕೊಂಡು ಸರ್ರನೆ ಬಿಚ್ಚಿತು. ಒಳಗಿನಿಂದ ಉಪ್ಪಿನ, ಕಾದ ಮರಳಿನ ವಾಸನೆ ಬಂತು.

ಹೆಣದ ಮುಂದೆ ಎರಚಲಿಕ್ಕೆ ಯಾರೋ ಅಂಗಡಿಯಿಂದ ಮಂಡಕ್ಕಿ ತಂದಿದ್ದರು. ಹಿರಿಯಣ್ಣ ವಾಪಸ್ ಕಳಿಸಿದ್ದರು. "ಮೂವತ್ತು ವರ್ಷ ಮಂಡಕ್ಕಿ ಹುರಿದೋಳು. ಅವಳ ಮುಂದೆ ಅಂಗಡಿ ಮಾಲು ಚೆಲ್ಲಿದ್ರೆ ಎದ್ದು ಕೂತು ಬೈತಾಳೆ." ಹಾಗಾಗಿ ಉಚ್ಚಂಗಮ್ಮ ಮೊನ್ನೆ ತಾನೇ ಹುರಿದು, ಹೊಲಿದಿಟ್ಟಿದ್ದ ಕಡೇ ಚೀಲ ಹೊರಬಂದಿತ್ತು. ಅದನ್ನು ಹೊರಲು ಕೈ ಖಾಲಿ ಇದ್ದವನು ಶಿವಕುಮಾರ್ ಒಬ್ಬನೇ.

ಶಿವಮೊಗ್ಗದ ವಿನೋಬನಗರದಿಂದ ಭದ್ರಾವತಿಯ ಹೊಸಮನೆಗೆ ಬಹಳ ದೂರವೇನಿಲ್ಲ. ಆದರೂ ಅವನು ಬಂದದ್ದು ಹದಿನೆಂಟು ವರ್ಷದ ಮೇಲೆ. ಒಂದು ಮಾತು ಹೇಳಲಿಕ್ಕಿತ್ತು. ಅದನ್ನು ಕೇಳಬೇಕಾದವನು, ಉಚ್ಚಂಗಮ್ಮನ ಮಗ ಚಂದ್ರಹಾಸ, ಮಂಡಕ್ಕಿ ಹುರಿಯುವ ಭಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮಡಕೆಗೆ ಕೆಂಡ ತುಂಬುತ್ತಿದ್ದ. ಅವ್ವನ ಚಿತೆಗೆ ಬೆಂಕಿ ಅವಳ ಭಟ್ಟಿಯದೇ ಆಗಬೇಕು ಎಂದು ಬೆಳಿಗ್ಗೆಯೇ ಭಟ್ಟಿ ಹೊತ್ತಿಸಿದ್ದ.

"ಚಂದ್ರು..."

"ಗಿಟಾರ್ ಬಿಟ್ಟೆಯಂತೆ," ಅಂದ ಚಂದ್ರಹಾಸ, ತಲೆ ಎತ್ತದೆ.

"ಬಿಟ್ಟು ಬಹಳ ದಿನ ಆಯ್ತು."

"ಒಳ್ಳೇದೇ ಆಯ್ತು ಬಿಡು. ನಿನ್ನ ಕೈಲಿ ಅದು ನರಳ್ತಿತ್ತು."

ಅಷ್ಟರಲ್ಲಿ ಚಂದ್ರಹಾಸನ ಹೆಂಡತಿ ಧನಲಕ್ಷ್ಮಿ ಬಾಗಿಲಲ್ಲಿ ನಿಂತು, "ಎತ್ತಬೇಕಂತೆ, ಬರ್ರೀ," ಅಂದಳು. ಶಿವಕುಮಾರ್ ಚೀಲ ಎತ್ತಿಕೊಂಡ.

*

ಆಗ ಮೂವರಿಗೂ ಇಪ್ಪತ್ತರ ಆಸುಪಾಸು. ಬ್ಯಾಂಡಿನ ಹೆಸರು 'ಸೆಕೆಂಡ್ ಶಿಫ್ಟ್'. ಕಾರ್ಖಾನೆಯಲ್ಲಿ ಎರಡನೇ ಪಾಳಿಯ ಸೈರನ್ ಕೂಗಿದ ಮೇಲೆ ಇವರ ಅಭ್ಯಾಸ ಶುರು. ಶಿವಕುಮಾರ್ ಗಿಟಾರು ಹಿಡಿದು ಅರಚುತ್ತಿದ್ದ, ದುಶ್ಯಂತ್ ಬೇಸ್ ಗಿಟಾರು, ಚಂದ್ರಹಾಸ ಡ್ರಮ್ಸು. ಚಂದ್ರಹಾಸ ಚಪ್ಪಲಿ ಕಳಚಿಟ್ಟು, ಬಲ ಹಿಮ್ಮಡಿ ಎತ್ತಿ ಎತ್ತಿ ಪೆಡಲು ತುಳಿಯುತ್ತಿದ್ದ. ದೊಡ್ಡ ಡ್ರಮ್ಮು ನೆಲ ನಡುಗಿಸುತ್ತಿತ್ತು.

ಮೂರು ಮನೆಗಳಿಂದ ಓಡಿಸಿಕೊಂಡ ಮೇಲೆ ಉಳಿದದ್ದು ಮಂಡಕ್ಕಿ ಭಟ್ಟಿ. ಅಲ್ಲಿ ಬೆಂಕಿಗೆ ಗಾಳಿ ಊದುವ ಬ್ಲೋವರಿನ ಗದ್ದಲದಲ್ಲಿ ಇವರದು ಯಾವುದು, ಅದರದು ಯಾವುದು ಎಂದು ಬೀದಿಗೆ ತಿಳಿಯುತ್ತಿರಲಿಲ್ಲ. ಸಾಲದ್ದಕ್ಕೆ ಗೋಡೆಯುದ್ದಕ್ಕೂ ಭತ್ತದ ಹೊಟ್ಟಿನ ಮೂಟೆ ಒಟ್ಟಿದ್ದರು.

ಆ ಬ್ಲೋವರಿನಿಂದಲೇ ಉಚ್ಚಂಗಮ್ಮನ ಕಿವಿ ಮಂದವಾಗಿತ್ತು. ಹರಪನಹಳ್ಳಿ ಕಡೆಯಿಂದ ಮದುವೆಯಾಗಿ ಬಂದವಳು. ಗಂಡ ಸತ್ತ ಮಾರನೇ ತಿಂಗಳು ಬಾಣಲೆ ಮುಂದೆ ತಾನೇ ನಿಂತಳು. ಮೊಣಕೈವರೆಗೂ ಸುಟ್ಟ ಕಲೆ. "ಹಾಡು ಹೆಂಗಿದೆ ಅವ್ವಾ?" ಎಂದು ಕೂಗಿ ಕೇಳಿದರೆ, "ಹೊಟ್ಟ್ಯಾಗ ಗುದ್ದಿದಂಗೈತಿ ತಮ್ಮಾ. ಇನ್ನೊಂದ್ ಸಲ ಬಾರಿಸ್ರಿ," ಎನ್ನುವಳು. ಮೊರದ ತುಂಬ ಒಗ್ಗರಣೆ ಮಂಡಕ್ಕಿ ತಂದಿಡುವಳು.

ದೊಡ್ಡ ಡ್ರಮ್ಮಿನ ದನಿ ಗುಂಯ್ ಎಂದು ಎಳೆಯುತ್ತಿತ್ತು. ಒಳಗೆ ದಿಂಬು ತುರುಕಿದರೆ ಸರಿಹೋಗುತ್ತದೆ ಎಂದು ಶಿವಕುಮಾರ್ ಎಲ್ಲೋ ಓದಿದ್ದ. ಶಿವಮೊಗ್ಗದ ಕಾಲೇಜು ಸ್ಪರ್ಧೆಯ ಹಿಂದಿನ ಸಂಜೆ, ಗೆಳೆಯರು ಹೋದ ಮೇಲೆ, ದಿಂಬು ಸಿಗದೆ ನಾಲ್ಕು ಮೊರ ಮಂಡಕ್ಕಿ ಸುರಿದು ಡ್ರಮ್ಮು ಬಿಗಿದ. ದನಿ ಗಟ್ಟಿಯಾಯಿತು. ಬೆಳಿಗ್ಗೆ ಹೇಳಿ ಬೆರಗುಗೊಳಿಸೋಣ ಎಂದುಕೊಂಡ.

ಬೆಳಿಗ್ಗೆ ನೋಡಿದರೆ ಇಲಿಗಳು ಡ್ರಮ್ಮಿನ ಹೊದಿಕೆ ಹರಿದು ಒಳಗೆ ಸಂಸಾರ ಹೂಡಿದ್ದವು.

ಚಂದ್ರಹಾಸ ಅವ್ವನ ಮೇಲೆ ಹರಿಹಾಯ್ದ. "ಸಿಕ್ಕ ಸಿಕ್ಕಲ್ಲಿ ಮಂಡಕ್ಕಿ ತುಂಬ್ತೀಯ, ಇದನ್ನೂ ಬಿಡಲಿಲ್ವಾ?"

ಅವನ ತುಟಿ ನೋಡಿ ಅವಳಿಗೆ ತಿಳಿಯಿತು. ಶಿವಕುಮಾರನ ಮುಖ ನೋಡಿದಳು. ಅವನು ಗಿಟಾರಿನ ಚೀಲದ ಜಿಪ್ಪು ಎಳೆಯುತ್ತಿದ್ದ.

"ಹೂಂ, ನಾನೇ. ಚೀಲ ಸಾಲಲಿಲ್ಲ," ಅಂದಳು.

ಚಂದ್ರಹಾಸನನ್ನು ಬಿಟ್ಟು ಶಿವಕುಮಾರ್ ಶಿವಮೊಗ್ಗದಲ್ಲಿ ಸ್ವಂತ ಡ್ರಮ್ಸು ಇದ್ದ ಬೇರೆ ಡ್ರಮ್ಮರನ್ನು ಹಿಡಿದ. ಎರಡನೇ ಬಹುಮಾನ ಬಂತು. ಚಂದ್ರಹಾಸ ಮತ್ತೆ ಡ್ರಮ್ಮು ಮುಟ್ಟಲಿಲ್ಲ. ಶಿವಕುಮಾರ್ ಮತ್ತೆ ಭಟ್ಟಿಗೆ ಬರಲಿಲ್ಲ.

*

ತಮಟೆ ಮುಂದೆ, ಅದರ ಹಿಂದೆ ಬೆಂಕಿಯ ಮಡಕೆ ಹಿಡಿದ ಚಂದ್ರಹಾಸ, ಬರಿಗಾಲು. ಪಕ್ಕದಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ಶಿವಕುಮಾರ್ ಮಂಡಕ್ಕಿ ಎರಚುತ್ತ ನಡೆದ. ಹಿಂದೆ ಚಟ್ಟ.

"ಚಂದ್ರು, ಅವತ್ತು ಡ್ರಮ್ಮಿಗೆ ಮಂಡಕ್ಕಿ ತುಂಬಿದ್ದು ಅವ್ವ ಅಲ್ಲ."

"ಏನು?"

ತಮಟೆ ಕಿವಿ ಒಡೆಯುತ್ತಿತ್ತು. ಭಟ್ಟಿಯಲ್ಲಿ ಕೂಗುತ್ತಿದ್ದ ಹಾಗೇ ಕೂಗಬೇಕಾಯಿತು.

"ನಾನು ತುಂಬಿದ್ದು. ಅವ್ವ ಅಲ್ಲ."

ಹಿರಿಯಣ್ಣನೂ ತಿರುಗಿ ನೋಡಿದರು. ಚಂದ್ರಹಾಸ ಮಡಕೆಯನ್ನು ಇನ್ನೊಂದು ಕೈಗೆ ದಾಟಿಸಿದ.

"ಮೂರು ತಿಂಗಳು ನಾನು ಅವಳ ಕೈಯೂಟ ಉಣ್ಣಲಿಲ್ಲ."

"ಗೊತ್ತು. ದುಶ್ಯಂತ್ ಹೇಳಿದ್ದ."

"ಗೊತ್ತಿದ್ದೂ?"

ಶಿವಕುಮಾರ್ ಇನ್ನೊಂದು ಹಿಡಿ ಎರಚಿದ.

"ಕೈಯಲ್ಲಿ ಬೆಂಕಿ ಇದೆ," ಅಂದ ಚಂದ್ರಹಾಸ. "ಇಲ್ದಿದ್ರೆ ಇಲ್ಲೇ ಕೆಡವಿ ತುಳೀತಿದ್ದೆ ನಿನ್ನ."

ಹಿರಿಯಣ್ಣ ಚೀಲಕ್ಕೆ ಕೈ ಹಾಕಿದರು. "ಕೊಡು ಇತ್ಲಾಗೆ. ನಾನು ಎರಚ್ತೀನಿ."

"ಬೇಡ ಹಿರಿಯಣ್ಣ. ಅವನೇ ಎರಚ್ಲಿ, ಹೊಳೆ ತನಕ. ಒಂದು ಕಾಳು ಉಳಿಸಬಾರದು."

ಅರ್ಧ ದಾರಿಯಲ್ಲಿ, ಪದ್ಧತಿಯಂತೆ, ಚಟ್ಟ ಇಳಿಸಿ ದಿಕ್ಕು ತಿರುಗಿಸಿದರು. ಎಲ್ಲರೂ ನಿಂತರು. ತಮಟೆ ಮಾತ್ರ ನಿಲ್ಲಲಿಲ್ಲ. ಚೀಲ ಇನ್ನೂ ಅರ್ಧ ಇತ್ತು. ಶಿವಕುಮಾರ್ ಮೊಣಕೈವರೆಗೂ ಕೈ ಇಳಿಸಿದ. ಉಗುರಿನ ಸಂದಿಯಲ್ಲಿ ಉಪ್ಪು ಚುರುಗುಟ್ಟಿತು. ಹಿಡಿ ತುಂಬಿಕೊಂಡು ಬಗ್ಗಿದವನಿಗೆ ಚಂದ್ರಹಾಸನ ಪಾದ ಕಂಡಿತು. ಮಡಕೆ ಅಲುಗುತ್ತಿರಲಿಲ್ಲ, ಮುಖ ಅಲುಗುತ್ತಿರಲಿಲ್ಲ. ಬಲ ಹಿಮ್ಮಡಿಯೊಂದು ಮಾತ್ರ ಎದ್ದು ಎದ್ದು, ತಮಟೆಯ ಏಟಿಗೆ ಸರಿಯಾಗಿ, ಟಾರಿನ ಮೇಲೆ ಬಿದ್ದಿದ್ದ ಮಂಡಕ್ಕಿಯನ್ನು ತುಳಿಯುತ್ತಿತ್ತು.