ಅರ್ಧ ಇಂಚು

ಡೈವೋರ್ಸ್ ಬೇಕೆಂದರೆ ಗಂಡ ಕುಡಿಯಬೇಕು, ಹೊಡೆಯಬೇಕು, ಇಲ್ಲವೇ ಇನ್ನೊಬ್ಬಳನ್ನು ಇಟ್ಟುಕೊಂಡಿರಬೇಕು ಎಂದು ನನ್ನ ತಂಗಿ ನಂಬಿದ್ದಾಳೆ. ನನ್ನ ಗಂಡ ಮೂರರಲ್ಲಿ ಒಂದನ್ನೂ ಮಾಡಿದವರಲ್ಲ. ಮಾತಾಡುತ್ತಿರಲಿಲ್ಲ, ಅಷ್ಟೇ. ಹದಿನಾರು ವರ್ಷ ಒಂದೇ ಟೈಲರ್ ಅಂಗಡಿಯಲ್ಲಿ ಅವರು ಅಳತೆ ತೆಗೆದು ಬಟ್ಟೆ ಕತ್ತರಿಸಿದರು, ನಾನು ಹೊಲಿದೆ. ಏನು ಕೇಳಿದರೂ "ಹ್ಞೂಂ". ಗೋಡೆಗೆ ತಲೆ ಚಚ್ಚಿಕೊಂಡರೂ ಅದಕ್ಕಿಂತ ದೊಡ್ಡ ಸದ್ದು ಬರುತ್ತದೆ.

ಈಗ ತಂಗಿಯ ಮನೆಯ ಹಿಂದಿನ ಕೋಣೆಯಲ್ಲಿ ನಾನು, ಮಗಳು, ಒಂದು ಹೊಲಿಗೆ ಮೆಷಿನ್ನು. ಓಡಾಡಲು ಮೂರು ಹೆಜ್ಜೆ ಜಾಗ. ಅದನ್ನೇ ದಿನಕ್ಕೆ ಸಾವಿರ ಸಲ ತುಳಿಯುತ್ತೇನೆ. ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು.

"ಮಗಳು ನಿಮ್ಮ ಹತ್ರಾನೇ ಇರ್ಬೇಕು ಅಂದ್ರೆ ನಿಮ್ಮದೇ ದುಡಿಮೆ ತೋರಿಸ್ಬೇಕಮ್ಮ," ಎಂದಿದ್ದರು ವಕೀಲಮ್ಮ. "ಸೋಮವಾರ ಬರುವಾಗ ಒಂದಾದ್ರೂ ಬಿಲ್ಲು ತನ್ನಿ."

ಅಂಗಡಿ ಬಿಡುವ ಮುನ್ನ ಒಂದು ಕಳ್ಳತನ ಮಾಡಿದ್ದೆ. ಗಂಡ ಊಟಕ್ಕೆ ಹೋದಾಗ ಅಳತೆ ಪುಸ್ತಕದ ಪುಟಪುಟವನ್ನೂ ಫೋಟೊ ತೆಗೆದುಕೊಂಡಿದ್ದೆ. ಪುಸ್ತಕ ಯಾರ ಕೈಯಲ್ಲೋ ಗಿರಾಕಿ ಅವರ ಕೈಯಲ್ಲಿ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ಬೀಗಿದೆ. ಆ ಧೈರ್ಯದ ಮೇಲೆಯೇ ಹಳೆಯ ಗಿರಾಕಿ ನರ್ಸಮ್ಮನಿಂದ ಕ್ಲಿನಿಕ್ಕಿನ ಆರು ಬಿಳಿ ಕೋಟುಗಳ ಕೆಲಸ ಹಿಡಿದೆ. ಆರೂ ಜನರ ಅಳತೆ ಪುಸ್ತಕದಲ್ಲಿತ್ತು. ಮೊದಲ ಸಲ ನಾನೇ ಕತ್ತರಿಸಿ ನಾನೇ ಹೊಲಿದೆ.

ಶನಿವಾರ ಬೆಳಿಗ್ಗೆ ನರ್ಸಮ್ಮ ಬಂದು ಕೋಟು ತೊಟ್ಟರು. ಗುಂಡಿ ಕಾಜಕ್ಕೆ ಮುಟ್ಟಲಿಲ್ಲ. ಉಸಿರು ಎಳೆದುಕೊಂಡರು, ಆಗಲೂ ಮುಟ್ಟಲಿಲ್ಲ.

"ಅಯ್ಯೋ, ನಾನೇನು ಊದ್ಕೊಂಡ್ನಾ?" ಎಂದು ನಕ್ಕರು.

ಟೇಪು ಹಿಡಿದು ಅಳೆದೆ. ಅವರ ಮೈ ಪುಸ್ತಕದಲ್ಲಿದ್ದಷ್ಟೇ ಇತ್ತು. ಸಂಜೆ ಬರುತ್ತೇನೆಂದು ಅವರು ಹೊರಟರು. ನಾನು ಉಳಿದ ಐದು ಕೋಟುಗಳನ್ನೂ ಅಳೆದೆ. ಐದೂ ಬಿಗಿ.

"ಅಮ್ಮಾ, ನೀನು ಹೊಲಿಗೆ ಒಳಗೆ ಜಾಸ್ತಿ ಬಟ್ಟೆ ಹಿಡೀತೀಯಲ್ಲ," ಎಂದಳು ಮಗಳು. "ಅದಕ್ಕೇ ಅಪ್ಪ ಅಂಚಲ್ಲಿ ಅರ್ಧ ಇಂಚು ಜಾಸ್ತಿ ಬಿಟ್ಟು ಕಟ್ ಮಾಡ್ತಿದ್ರು. ನಿಂಗೊತ್ತಿಲ್ವಾ?"

"ನಿಂಗ್ಯಾರು ಹೇಳಿದ್ದು?"

"ಅಪ್ಪ ಹೇಳ್ತಾರಾ? ನಾನೇ ನೋಡಿದ್ದು."

ಅವಳು ನೋಡಿದ್ದಳು. ನಾನು ಅಷ್ಟು ವರ್ಷವೂ ಅವರಿಗೆ ಬೆನ್ನು ಹಾಕಿ ಮೆಷಿನ್ ತುಳಿಯುತ್ತಿದ್ದೆ. ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಒಂದು ಮಾತು ಹೇಳಿದ್ದರೆ ವಾರದಲ್ಲಿ ಕೈ ತಿದ್ದಿಕೊಳ್ಳುತ್ತಿದ್ದೆನಲ್ಲ! ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವಂತಿದ್ದರೂ ಅವರಿಗೆ ಫೋನು ಮಾಡಿಯೇಬಿಟ್ಟೆ.

"ರೀ, ನರ್ಸಮ್ಮನ ಕೋಟು ಬಿಗಿಯಾಯ್ತು. ನಾನು ಜಾಸ್ತಿ ಹಿಡೀತೀನಿ ಅಂತ ಒಂದಿನಾನೂ ಯಾಕೆ ಹೇಳ್ಲಿಲ್ಲ?"

ಅತ್ತ ಕತ್ತರಿಯ ಸದ್ದು ನಿಂತಿತು. ಅಳತೆ ಎಲ್ಲಿಂದ ಸಿಕ್ಕಿತೆಂದು ಅವರು ಕೇಳಲಿಲ್ಲ.

"ನಿಂಗೆ ಬೇಜಾರಾಗುತ್ತೆ ಅಂತ."

"ಹೇಳ್ದೆ ಇದ್ದಿದ್ದಕ್ಕೆ ಆಗಿರೋ ಬೇಜಾರು ಸಾಲ್ದಾ?"

"ಕೋಟು ಕಳ್ಸು. ನಾನು ಸರಿ ಮಾಡ್ಕೊಡ್ತೀನಿ."

ನಾಲಗೆಯ ತುದಿಗೆ 'ಆಯ್ತು' ಬಂದಿತ್ತು. ನುಂಗಿಕೊಂಡೆ.

"ಬೇಡ. ಜಾಸ್ತಿ ಹಿಡಿದ ಬಟ್ಟೆ ಒಳಗೇ ಇದೆ. ಬಿಚ್ಚಿ ಹೊಲೀತೀನಿ."

"ಹ್ಞೂಂ."

ಅವರು ಫೋನು ಇಡಲಿಲ್ಲ. ನಾನೂ ಇಡಲಿಲ್ಲ. ಇನ್ನೊಂದು ಮಾತು, ಒಂದೇ ಒಂದು ಮಾತು ಬಂದಿದ್ದರೆ ನಾನು ಸೋಮವಾರ ವಕೀಲಮ್ಮನ ಬಳಿ ಹೋಗುತ್ತಿರಲಿಲ್ಲವೇನೋ. ಅವರು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಫೋನನ್ನು ಕಿವಿಗೊತ್ತಿಕೊಂಡು ಕಾದೆ.

ಕತ್ತರಿಯ ಸದ್ದು ಮತ್ತೆ ಶುರುವಾಯಿತು.